ಒಂದು ದಿನದ ದಾಯಾದಿ

"ಇನ್ನೊಂದ್ ಸಲ ನೂಕ್ರಲಾ, ಎಲ್ರೂ ಒಂದೇ ಉಸುರಿಗೆ!" ಎಂದು ಸಣ್ಣಬೀರಯ್ಯ ಕೂಗಿದ. ನಾಲ್ಕು ಜನ ಗೂಡ್ಸ್ ಆಟೋದ ಬೆನ್ನಿಗೆ ಹೆಗಲು ಕೊಟ್ಟರು. ಹಿಂದಿನ ಚಕ್ರ ಗಿರ್ರೆಂದು ತಿರುಗಿ, ಕೆಸರನ್ನೆಲ್ಲ ಅವರ ಮುಖಕ್ಕೆ ಎರಚಿ, ಇದ್ದ ಜಾಗದಲ್ಲೇ ಇನ್ನೊಂದು ಗೇಣು ಕೆಳಗಿಳಿಯಿತು. ಡ್ರೈವರು ಇಂಜಿನ್ ಆರಿಸಿ ಬೀಡಿ ಹಚ್ಚಿದ.

"ಮಾದಯ್ಯಂಗೆ ಓಗಾಕೆ ಇಷ್ಟ ಇಲ್ಲ ಕಣಣ್ಣೋ" ಎಂದ. ಯಾರೂ ನಗಲಿಲ್ಲ.

ಸಣ್ಣಬೀರಯ್ಯನ ಹೆಂಡತಿ ಭಾಗ್ಯಮ್ಮ ಶುಂಠಿ ಹೊಲದ ಬದುವಿನ ಮೇಲೆ ಕೊಡೆ ಹಿಡಿದು ನಿಂತಿದ್ದಳು. ಕೂಲಿಯವರ ಶೆಡ್ಡಿನಿಂದ ಅಷ್ಟು ದೂರದಲ್ಲೇ ನಿಂತದ್ದಕ್ಕೆ ಕಾರಣವಿತ್ತು. ಬರುವ ಭಾನುವಾರ ಮಗಳು ಪ್ರಮೀಳಾಳ ನಿಶ್ಚಿತಾರ್ಥ. ಪಿರಿಯಾಪಟ್ಟಣದ ಕಡೆಯ ಗಂಡು, ಒಳ್ಳೆಯ ಮನೆತನ, ಮಡಿ ಮೈಲಿಗೆ ನೋಡುವ ಜನ. ಶುಭಕಾರ್ಯ ಮನೆ ಬಾಗಿಲಿಗೆ ಬಂದು ನಿಂತಿರುವಾಗ ಹೆಣದ ಹತ್ತಿರ ಹೋಗುವವರುಂಟೆ?

ಬಿದಿರು ಗಳುಗಳ ಮೇಲೆ ನೀಲಿ ಟಾರ್ಪಾಲು ಹೊದಿಸಿದ ಆ ಶೆಡ್ಡಿನೊಳಗೆ ದೊಡ್ಡಮಾದಯ್ಯ ಮಲಗಿದ್ದ. ಹನೂರಿನ ಕಡೆಯವನು. ಹೆಂಡತಿ ಸಾಕಮ್ಮನನ್ನು ಕಟ್ಟಿಕೊಂಡು ಶುಂಠಿ ಕೆಲಸಕ್ಕೆ ಈ ಕೋಟೆ ತಾಲ್ಲೂಕಿಗೆ ಬಂದವನು, ಹೊಲದಿಂದ ಹೊಲಕ್ಕೆ ಹೋಗುತ್ತ ಕೊನೆಗೆ ಸಣ್ಣಬೀರಯ್ಯನ ಹೊಲದಲ್ಲಿ ನಿಂತುಬಿಟ್ಟಿದ್ದ. ವಾರದಿಂದ ಜ್ವರವಿತ್ತು. ಬೆಳಗಿನ ಜಾವ ಎದೆ ಕಟ್ಟಿ ಉಸಿರು ನಿಂತಿತು. ಸುದ್ದಿ ಕೇಳಿದೊಡನೆ ಸಣ್ಣಬೀರಯ್ಯ ಮಾಡಿದ ಮೊದಲ ಕೆಲಸ ಗೂಡ್ಸ್ ಆಟೋ ಕರೆಸಿದ್ದು. "ಅವ್ರೂರಿಗೆ ಕಳ್ಸಿಕೊಡ್ತೀನಿ, ಬಾಡಿಗೆ ಎಲ್ಲಾ ನಂದೇ" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ್ದ. ಧರ್ಮಾತ್ಮ ಎನ್ನಿಸಿಕೊಳ್ಳುವುದಕ್ಕೂ ಪೀಡೆ ಕಳೆದುಕೊಳ್ಳುವುದಕ್ಕೂ ಒಂದೇ ಆಟೋ ಸಾಕಾಗಿತ್ತು. ಮಳೆ ಮಾತ್ರ ಅವನ ಲೆಕ್ಕಕ್ಕೆ ಬಂದಿರಲಿಲ್ಲ.

ಟಾರ್ಪಾಲು ಸರಿಸಿಕೊಂಡು ಸಾಕಮ್ಮ ಹೊರಗೆ ಬಂದಳು. ಅತ್ತು ಮುಗಿದಿತ್ತು.

"ಆಟೋ ವಾಪಸ್ ಕಳ್ಸಿ ಬುದ್ದಿ. ಅಲ್ಲಿಗೆ ಹೆಣ ತಕ್ಕಂಡೋಗಿ ಯಾರ ಬಾಗ್ಲಲ್ಲಿ ಇಳಿಸ್ಲಿ? ಮನೆ ಬಿದ್ದೋಯ್ತು. ಮಕ್ಳಿಲ್ಲ ಮರಿಯಿಲ್ಲ. ಇಲ್ಲೇ ಒಂದ್ ಆಳುದ್ದ ಜಾಗ ಕೊಡಿ, ಸಾಕು."

ಅಷ್ಟು ಹೊತ್ತಿಗೆ ಊರಿನ ಯಜಮಾನ ಜವರಯ್ಯ ಬದುವಿನ ಮೇಲೆ ಕೋಲೂರಿಕೊಂಡು ಬಂದ. ಈ ಊರಿನಲ್ಲಿ ಯಾರು ಸತ್ತರೂ ಗುಂಡಿ ಎಲ್ಲಿ ತೋಡಬೇಕೆಂದು ಹೇಳುವವನು ಅವನೇ. ಮಸಣದಲ್ಲಿ ಒಂದೊಂದು ಮನೆತನಕ್ಕೆ ಒಂದೊಂದು ಸಾಲು. ಬೇರೆಯವರ ಸಾಲಿನಲ್ಲಿ ಬೇರೆಯವರಿಗೆ ಮಣ್ಣಿಲ್ಲ.

"ನಿನ್ ಸಾಲಲ್ಲಿ ತೋಡುಸ್ಲೇನಪ್ಪಾ ಬೀರಯ್ಯ?" ಎಂದು ಕೇಳಿದ.

"ನನ್ ಸಾಲಲ್ಲಿ ಯಾಕೆ? ಅವ ಕೂಲಿಯೋನು."

"ಅಂಗಂತೀಯಾ? ಸರ್ಕಾರದ ಗಣತೀಲಿ ನಿನ್ ದೊಡ್ಡಪ್ಪನ ಮಗ ಅಂತ ಬರ್ಕಂಡೋಗವ್ರಲ್ಲ." ಜವರಯ್ಯ ಕೋಲನ್ನು ಕೆಸರಿನಿಂದ ಕಿತ್ತು ಇನ್ನೊಂದು ಕಡೆ ಊರಿದ. "ನೋಡಪ್ಪಾ, ಈಗ ಕಾಯ್ದೆ ಬಂದದೆ. ಕೂಲಿಯೋನು ಅಂದ್ರೆ ಕಾರ್ಮಿಕ ಇಲಾಖೆಗೆ ಫೋನ್ ಮಾಡ್ಬೇಕು. ಅವ್ರು ಬತ್ತಾರೆ, ಈ ಶೆಡ್ಡು ನೋಡ್ತಾರೆ, ನಿನ್ ಮ್ಯಾಲೆ ಕೇಸು. ದಾಯಾದಿ ಅಂದ್ರೆ ನಿನ್ ಸಾಲಲ್ಲಿ ಗುಂಡಿ, ನಿನ್ ಮನೇಲಿ ಸೂತಕ. ಎರಡ್ರಲ್ಲಿ ಒಂದ್ ಹೇಳು. ಹೆಣ ಕಾಯಕ್ಕಿಲ್ಲ."

ಸೂತಕವೆಂದರೆ ಹನ್ನೊಂದು ದಿನ. ಭಾನುವಾರದ ನಿಶ್ಚಿತಾರ್ಥ ಹಾಗೇ ಮುಳುಗಿಹೋಗುತ್ತದೆ. ಸಣ್ಣಬೀರಯ್ಯ ಅಡಕತ್ತರಿಗೆ ಸಿಕ್ಕಿದ ಅಡಕೆಯಾದ. ಹೆಂಡತಿಯ ಕಡೆ ತಿರುಗಿದ. ಅವನ ಹಿಂದೆಯೇ ಅಲ್ಲಿದ್ದವರೆಲ್ಲ ತಿರುಗಿದರು. ಯಾಕೆಂದರೆ ದೊಡ್ಡಮಾದಯ್ಯನನ್ನು ದಾಯಾದಿ ಮಾಡಿದ್ದು ಬೀರಯ್ಯನ ಬಾಯಲ್ಲ, ಭಾಗ್ಯಮ್ಮನ ಬಾಯಿ.

*

ಎರಡು ವರ್ಷದ ಹಿಂದಿನ ಮಾತು. ಶುಂಠಿ ಕೀಳುವ ಕಾಲ. ಹೊರಗಿನಿಂದ ಕೂಲಿಯವರನ್ನು ಕರೆಸಿ ಇಳಿಸಿಕೊಂಡ ಜಮೀನುದಾರರು ಅವರಿಗೆ ಗೋಡೆಯಿರುವ ಮನೆ, ಕಕ್ಕಸು, ಕುಡಿಯುವ ನೀರು ಕೊಡಬೇಕು, ಅವರ ಹೆಸರು ಇಲಾಖೆಯಲ್ಲಿ ಬರೆಸಬೇಕು ಎಂದು ಕಾಯ್ದೆ ಬರುತ್ತದೆಂಬ ಸುದ್ದಿ ಹಬ್ಬಿತು. ಅದಕ್ಕೆ ಮೊದಲು ಯಾವ ಊರಿನಲ್ಲಿ ಅಂಥವರು ಎಷ್ಟು ಜನ ಇದ್ದಾರೆಂದು ಗಣತಿಯವರು ಬರುತ್ತಾರಂತೆ. ಬೇಗೂರಿನ ಕಡೆ ಬಂದಾಯಿತಂತೆ, ನಾಳೆ ಇಲ್ಲಿಗಂತೆ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಊರಿಗೆ ಊರೇ ಹೆಗಲು ಮುಟ್ಟಿಕೊಂಡಿತು. ಶುಂಠಿ ಹಾಕಿದ ಹೊಲಗಳಲ್ಲೆಲ್ಲ ಟಾರ್ಪಾಲಿನ ಶೆಡ್ಡುಗಳಿದ್ದವು. ಜವರಯ್ಯನ ಹೊಲದಲ್ಲೇ ಎಲ್ಲರಿಗಿಂತ ಹೆಚ್ಚು. ಅವತ್ತು ಸಂಜೆ ಅವನ ಜಗುಲಿಯ ಮೇಲೆ ಊರು ಸೇರಿತು. "ಯಾರೂ ಇಲ್ಲ ಅಂದ್ಬುಡಾಣ" ಎಂದ ಒಬ್ಬ. "ಅಷ್ಟು ಜನನ್ನ ಎಲ್ಲಿ ಬಚ್ಚಿಡ್ತೀಯಾ, ನಿನ್ ಜೇಬಲ್ಲಾ?" ಎಂದ ಇನ್ನೊಬ್ಬ. ಹೆಂಗಸರ ಗುಂಪಿನ ಹಿಂದಿನಿಂದ ಭಾಗ್ಯಮ್ಮ ಎದ್ದು, "ಬಚ್ಚಿಡಾದ್ಯಾಕೆ? ನೆಂಟ್ರು ಬಂದವ್ರೆ ಅಂದ್ರಾಯ್ತು" ಎಂದಳು. ಊರೆಲ್ಲ ಭೇಷ್ ಎಂದಿತು. ಅವಳಿಗೂ ಒಳಗೊಳಗೇ ಹೆಮ್ಮೆಯಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬುದು ಆ ಗಳಿಗೆಯಲ್ಲಿ ಯಾರಿಗೆ ನೆನಪಿರುತ್ತದೆ?

ಮಾರನೆಯ ದಿನ ಮನೆಮನೆಗೂ ನೆಂಟರು. ದೊಡ್ಡಮಾದಯ್ಯ ಭಾಗ್ಯಮ್ಮನ ಬಚ್ಚಲಲ್ಲಿ ಹಂಡೆಯ ಬಿಸಿನೀರು ಹೊಯ್ದುಕೊಂಡ. ಸಣ್ಣಬೀರಯ್ಯನ ಇಸ್ತ್ರಿ ಮಾಡಿದ ಪಂಚೆ ಉಟ್ಟು ಜಗುಲಿಯ ಮೇಲೆ ಚಾಪೆಯ ತುದಿಯಲ್ಲಿ, ಬೆನ್ನು ಗೋಡೆಗೆ ತಾಗದಂತೆ ಕೂತ. ಸಾಕಮ್ಮನಿಗೆ ಭಾಗ್ಯಮ್ಮನ ಹಳೆಯ ಸೀರೆ. ನೆಂಟರು ಬಂದ ಮನೆಯಲ್ಲಿ ಬರೀ ಮುದ್ದೆ ಸಾರು ಮಾಡಿದರೆ ಯಾರು ನಂಬುತ್ತಾರೆಂದು ಒಳಗೆ ಒಬ್ಬಟ್ಟು ಬೇಯುತ್ತಿತ್ತು.

ಬಂದ ಇನ್‌ಸ್ಪೆಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮಾನಸ ಎಂದು ಹೆಸರು. ಮೂಗಿಗೆ ಒಬ್ಬಟ್ಟಿನ ವಾಸನೆ ಬಿದ್ದಿರಬೇಕು.

"ಇವತ್ತು ನಿಮ್ಮೂರಲ್ಲಿ ಏನು ಹಬ್ಬ? ಹೋದ ಮನೇಲೆಲ್ಲ ನೆಂಟರು" ಎಂದಳು. ಆಮೇಲೆ ಮಾದಯ್ಯನನ್ನು ನೋಡಿ, "ಇವರು ನಿಮಗೇನಾಗಬೇಕು?" ಎಂದು ಕೇಳಿದಳು.

ನೆಂಟರು ಎಂದು ಹೇಳಬೇಕೆಂದು ಊರೆಲ್ಲ ಮಾತಾಡಿಕೊಂಡಿತ್ತು. ಏನಾಗಬೇಕು ಎಂದು ಕೇಳುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ. ತವರಿನ ಕಡೆಯ ಅಣ್ಣ ಎಂದಿದ್ದರೆ ಎಲ್ಲ ಸರಿಹೋಗುತ್ತಿತ್ತು. ಆದರೆ ಎದುರಿಗಿದ್ದವನು ಗಂಡನ ಪಂಚೆ ಉಟ್ಟು, ಗಂಡ ಕೂರುವ ಜಾಗದಲ್ಲಿ ಕೂತಿದ್ದ. ಭಾಗ್ಯಮ್ಮನ ನಾಲಿಗೆ ತಾನಾಗಿ ಹೊರಳಿತು. "ನಮ್ ಬಾವ ಆಗ್ಬೇಕು. ಯಜಮಾನ್ರ ದೊಡ್ಡಪ್ಪನ ಮಗ."

"ಹೌದೇನಪ್ಪಾ?"

ಮಾದಯ್ಯ ದಡಕ್ಕನೆ ಎದ್ದು ಕೈ ಮುಗಿದ. ಇನ್‌ಸ್ಪೆಕ್ಟರಿಗಲ್ಲ, ಸಣ್ಣಬೀರಯ್ಯನಿಗೆ. "ಏನೇಳ್ಲಿ ಬುದ್ದಿ?"

"ತಮ್ಮನ್ನ ಬುದ್ದಿ ಅನ್ನೋ ಅಣ್ಣನ್ನ ಇದೇ ಮೊದಲು ನೋಡ್ತಿರೋದು" ಎಂದು ಮಾನಸ ನಕ್ಕಳು. ಆಗ ಪ್ರಮೀಳಾ ಬಾಗಿಲಿಗೆ ಬಂದು, "ದೊಡ್ಡಪ್ಪಾ, ಊಟಕ್ಕೇಳಿ" ಎಂದು ಕರೆದು ಮಾನ ಉಳಿಸಿದಳು. ಇನ್‌ಸ್ಪೆಕ್ಟರು ಅವರು ಹೇಳಿದ್ದನ್ನೇ ಬರೆದುಕೊಂಡಳು. ಹೊರಡುವಾಗ ಮೆಟ್ಟಿಲ ಹತ್ತಿರ ನಿಂತು, "ಇದ್ದೋರನ್ನ ನೀವೇ ಇಲ್ಲ ಅಂದರೆ ನಾನು ಎಲ್ಲಿಂದ ತರಲಮ್ಮಾ?" ಎಂದು ಭಾಗ್ಯಮ್ಮನಿಗೆ ಮಾತ್ರ ಕೇಳುವಂತೆ ಹೇಳಿ ಜೀಪು ಹತ್ತಿದಳು.

ಮಾದಯ್ಯ ಆ ದಿನ ಬಾಳೆ ಎಲೆಯಲ್ಲಿ ಉಂಡ. ಪ್ರಮೀಳಾ ತುಪ್ಪ ಬಡಿಸಿದರೆ ಎಲೆಯನ್ನೇ ನೋಡುತ್ತ, "ಸಾಕು ಮಗಾ, ಸಾಕು ಮಗಾ" ಎಂದ. ಸಂಜೆ ಪಂಚೆ ಒಗೆದು ಮಡಿಸಿ ತಂದುಕೊಟ್ಟು ಶೆಡ್ಡಿಗೆ ಹೋದ. ಅಲ್ಲಿಂದ ಮುಂದೆ ಊರಿನವರಿಗೆ ಅದೊಂದು ನಗೆಚಾಟಿಕೆ. "ಏನ್ ಬೀರಯ್ಯ, ನಿಮ್ಮಣ್ಣ ಔಷಧಿ ಹೊಡೀತಾವ್ನಾ?" ಎನ್ನುವವರು. "ಜಾತಿ ಕೇಳ್ದೆ ಅಣ್ತಮ್ಮಿಕೆ ಮಾಡ್ದೋನು ಈ ಸೀಮೇಲೇ ನೀನೊಬ್ನೇ ಕಣ್ಲಾ" ಎನ್ನುವವರು. ಮಾದಯ್ಯನಿಗೆ ಮಾತ್ರ ಅದು ನಗೆಯಾಗಿರಲಿಲ್ಲ. ಪ್ರಮೀಳಾ ಹೊಲದ ಕಡೆ ಬಂದರೆ ಗುದ್ದಲಿ ನೆಲಕ್ಕೂರಿ, "ಬಂದ್ಯಾ ಮಗಾ" ಎನ್ನುತ್ತಿದ್ದ. ಅವಳು ಹೋದ ಮೇಲೂ ಸ್ವಲ್ಪ ಹೊತ್ತು ಗುದ್ದಲಿ ಎತ್ತುತ್ತಿರಲಿಲ್ಲ.

ವರ್ಷ ಕಳೆಯುವುದರೊಳಗೆ ಕಾಯ್ದೆ ಬಂತು. ಇದ್ದವರನ್ನು ಇದ್ದಾರೆಂದು ಬರೆಸಿದ್ದ ಪಕ್ಕದ ಹೋಬಳಿಯ ಊರಿನಲ್ಲಿ ಸರ್ಕಾರದ ನೆರವಿನಿಂದ ಕೂಲಿಯವರಿಗೆ ಸಾಲು ಮನೆ ಎದ್ದವು, ನಲ್ಲಿ ಬಂತು, ಕಕ್ಕಸು ಬಂತು. ಈ ಊರಿಗೆ ಏನೂ ಬರಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಇಲ್ಲಿ ಇದ್ದವರೆಲ್ಲ ನೆಂಟರು. ನೆಂಟರಿಗೆ ಕಕ್ಕಸು ಕಟ್ಟಿಸಿಕೊಡುವ ಸರ್ಕಾರ ಇನ್ನೂ ಹುಟ್ಟಿಲ್ಲ.

ಆಗ ಒಂದು ದಿನ ಮಾದಯ್ಯ ಹಿತ್ತಿಲಿಗೆ ಬಂದು, ತಲೆ ಕೆರೆಯುತ್ತ ನಿಂತು, "ಅವ್ವಾ, ಕಾಡಂಚು ನೋಡಿ, ಕತ್ಲಲ್ಲಿ ಹೆಂಗ್ಸು ಬಯ್ಲಿಗೋಗಕ್ಕೆ ಎದುರ್ಕತಾಳೆ. ಒಂದ್ ನಾಕ್ ಶೀಟು ಕೊಟ್ರೆ ನಾನೇ ಕಟ್ಕತೀನಿ" ಎಂದ. ಭಾಗ್ಯಮ್ಮ ರಾಗಿ ಕೇರುತ್ತಿದ್ದಳು. ತಲೆ ಎತ್ತದೆ, "ಒಂದಿನ ಬಾವ ಅಂದದ್ದಕ್ಕೆ ಪಾಲು ಕೇಳಕ್ಕೆ ಬಂದ್ಯಾ?" ಎಂದಳು. ತಮಾಷೆಗೆ ಅಂದದ್ದೇ. ಅವನೂ ನಕ್ಕ. ಮತ್ತೆ ಶೀಟಿನ ಮಾತು ಎತ್ತಲಿಲ್ಲ.

*

"ಕೂಲಿಯೋನು ಅಂದ್ಬುಡಾಣ. ಕೇಸಾದ್ರೂ ಆಗ್ಲಿ" ಎಂದು ಸಣ್ಣಬೀರಯ್ಯ ಮನೆಯ ನಡುವೆ ಅತ್ತಿಂದಿತ್ತ ಓಡಾಡಿದ. ಎರಡು ಸುತ್ತು ಹಾಕುವುದರೊಳಗೆ, "ಕೇಸಾದ್ರೆ ಬೀಗರ ಮುಂದೆ ಮುಖ ತೋರ್ಸಾದು ಎಂಗೆ?" ಎಂದು ತಾನೇ ತಿರುಗಿಬಿದ್ದ.

ಹೊಸ ಬಣ್ಣದ ವಾಸನೆ ಮನೆ ತುಂಬ ಇತ್ತು. ಗೋಡೆಗೆ ಹಸಿರು, ಜಗುಲಿಗೆ ಕೆಂಪು. ಪ್ರಮೀಳಾ ಕಂಬಕ್ಕೆ ಒರಗಿ ಕೂತಿದ್ದಳು.

"ಅವ್ವಾ, ಅವತ್ತು ನೀನೇ ಹೇಳ್ಕೊಟ್ಟಿದ್ದು, ದೊಡ್ಡಪ್ಪ ಅಂತ ಕರೀ ಅಂತ" ಎಂದಳು.

"ಈಗ್ಯಾಕೆ ಅದು?"

"ಆಮೇಲೆ ಯಾವತ್ತೂ ಬ್ಯಾಡ ಅಂತ ಹೇಳ್ಲಿಲ್ಲ. ನಾನು ಅಂಗೇ ಕರೀತಿದ್ದೆ."

ಭಾಗ್ಯಮ್ಮನ ಕಣ್ಣು ಜಗುಲಿಯ ಕೆಂಪು ನೆಲದ ಮೇಲೆ ಹೋಯಿತು. ಅಲ್ಲಿಂದ ಕಿತ್ತು ಬೇರೆ ಕಡೆ ಇಡಬೇಕೆಂದರೆ ಬರಲಿಲ್ಲ. ಕಳೆದ ವಾರ ಮಳೆ ಹಿಡಿದುಕೊಂಡಿದ್ದ ಸಂಜೆ ಮಾದಯ್ಯ ಗೋಣಿಚೀಲ ತಲೆಗೆ ಹಾಕಿಕೊಂಡು ಆ ಜಗುಲಿಯ ಕೆಳಗೆ ಬಂದು ನಿಂತಿದ್ದ. ಮೈ ನಡುಗುತ್ತಿತ್ತು. ಶೆಡ್ಡಿನೊಳಗೆ ನೀರು ನುಗ್ಗಿದೆ, ಜ್ವರ ಬೇರೆ, ಒಂದು ರಾತ್ರಿ ಇಲ್ಲಿ ಮೂಲೆಯಲ್ಲಿ ಮಲಗಿಕೊಳ್ಳುತ್ತೇವೆ ಎಂದ. ನಿಶ್ಚಿತಾರ್ಥದ ಮನೆ, ಕೆಸರು ಕಾಲು, ಕೆಮ್ಮು. ಭಾಗ್ಯಮ್ಮ, "ಬಣ್ಣ ಇನ್ನೂ ಹಸಿ ಅದೆ ಕಣಪ್ಪಾ" ಎಂದಳು. ಮಾದಯ್ಯ ಒಂದು ಹೆಜ್ಜೆ ಹಿಂದೆ ಸರಿದು, "ಅಂಗಾರೆ ಬ್ಯಾಡಿ ಬುಡಿ ಅವ್ವಾ. ಮಗೀನ ಶಾಸ್ತ್ರದ ಮನೆ, ಕಲೆ ಆಗ್ಬಾರ್ದು" ಎಂದು ಗೋಣಿಚೀಲ ಸರಿಮಾಡಿಕೊಂಡು ಹೊರಟುಹೋದ.

ಬಣ್ಣ ಒಣಗಿತ್ತು. ಬಣ್ಣ ಒಣಗಿ ಆಗಲೇ ಎರಡು ದಿನವಾಗಿತ್ತು. ಆ ಮಾತು ಅವಳಿಗೆ ಮತ್ತು ಆ ನೆಲಕ್ಕೆ ಮಾತ್ರ ಗೊತ್ತಿತ್ತು. ಬೆಳಗಿನಿಂದ ಅದರ ಮೇಲೆ ಕಾಲಿಡುವುದಕ್ಕೇ ಅವಳಿಗೆ ನಾಚಿಕೆಯಾಗುತ್ತಿತ್ತು. ಹಿತ್ತಿಲ ಬಾಗಿಲಿನಿಂದಲೇ ಹೋಗಿ ಬರುತ್ತಿದ್ದಳು.

ಜವರಯ್ಯ ಬಂದು ಅದೇ ಜಗುಲಿಯ ಮೇಲೆ ಕೆಸರು ಕಾಲಿನಲ್ಲಿ ಹತ್ತಿ ಕೂತ. ಅವನಿಗೆ ಯಾರೂ ಬಣ್ಣದ ಮಾತು ಹೇಳಲಿಲ್ಲ.

"ದಾರಿ ಸಿಕ್ತು ಕಣಪ್ಪಾ" ಎಂದ. "ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು. ಬಾವ ಅನ್ನೋದ್ ಬುಡಿ. ಭಾಗ್ಯವ್ವನ ತವರ ಕಡೆ ಅಣ್ಣ ಅನ್ನಿ. ಸೂತಕ ದಾಯಾದಿಗೆ, ನೆಂಟನಿಗಲ್ಲ. ನೆಂಟ ಸತ್ರೆ ಸ್ನಾನ ಮಾಡುದ್ರೆ ಮುಗೀತು. ನಿನ್ ಸಾಲಿನ ತುದೀಲಿ, ನೆಂಟ್ರಿಗೆ ಅಂತ ಒಂದ್ ಗುಂಡಿ ತೋಡುಸ್ತೀನಿ. ಇಲಾಖೆಯೋರು ಕೇಳುದ್ರೂ ಕೂಲಿ ಅಲ್ಲ, ಸಂಬಂಧ."

"ಗಣತೀಲಿ ಬಾವ ಅಂತ ಅದಲ್ಲ?" ಎಂದ ಸಣ್ಣಬೀರಯ್ಯ.

"ಮಸಣಕ್ಕೆ ಗಣತಿ ತತ್ತಾರಾ? ಊರ ಬಾಯಲ್ಲಿ ಏನದೋ ಅದೇ. ಒಂದೇ ಒಂದ್ ಕೆಲ್ಸ. ತಂಗಿಯಾದೋಳು ಹೆಣದ ಮ್ಯಾಲೆ ಬಟ್ಟೆ ಹೊದ್ಸಿ, ಹತ್ತು ಜನದ ಮುಂದೆ 'ಅಣ್ಣಾ' ಅಂತ ಒಂದ್ ಸಲ ಅಳ್ಬೇಕು. ಅಷ್ಟಾದ್ರೆ ಊರು ಒಪ್ಕತದೆ."

ಊರಿಗೆ ನಿಜ ಬೇಕಾಗಿರಲಿಲ್ಲ; ಒಪ್ಪವಾಗಿ ಹೇಳಿದ ಮಾತು ಬೇಕಾಗಿತ್ತು. ಸಣ್ಣಬೀರಯ್ಯನ ಮುಖಕ್ಕೆ ರಕ್ತ ಬಂತು. "ಒಂದ್ ಹೊಸ ಪಂಚೆ ತಗಾ ಭಾಗ್ಯಾ" ಎಂದ. ಭಾಗ್ಯಮ್ಮ ಒಳಗೆ ಹೋಗಿ ಬೀರು ತೆರೆದಳು. ಗಂಡಿನ ಕಡೆಯವರಿಗೆ ಉಡುಗೊರೆ ಕೊಡಲೆಂದು ತಂದಿದ್ದ ಪಂಚೆಗಳಲ್ಲಿ ಒಂದನ್ನು ಎಳೆದುಕೊಂಡಳು. ಬೇರೆ ಹೊಸದು ಮನೆಯಲ್ಲಿರಲಿಲ್ಲ.

*

ಅವಳು ಹೊಲಕ್ಕೆ ಬರುವ ಹೊತ್ತಿಗೆ ಶೆಡ್ಡಿನ ಸುತ್ತ ಜನ ತುಂಬಿದ್ದರು. ಗಣತಿಯ ದಿನ ಮನೆಮನೆಗೂ ನೆಂಟರಾಗಿದ್ದವರೆಲ್ಲ ಕೆಲಸ ಬಿಟ್ಟು ಬಂದಿದ್ದರು. ಇಬ್ಬರು ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದರು.

"ಸಂತೆಗೋದ್ರೆ ಎಲ್ಲಾ ಶೆಡ್ಡಿಗೂ ಕಡ್ಲೆಪುರಿ ತರೋನು ಕಣ್ಲಾ. ಕೇಳುದ್ರೆ, 'ನಂಟಸ್ತನ ಕಣೋ' ಅನ್ನೋನು" ಎಂದ ಒಬ್ಬ.

"ಈಗ ಹೆಗಲು ಕೊಡಾದು ನೆಂಟ್ರು ಅಂತ್ಲಾ, ಕೂಲಿಯೋರು ಅಂತ್ಲಾ?" ಎಂದ ಇನ್ನೊಬ್ಬ, ಹಗ್ಗ ಬಿಗಿಯುತ್ತ.

"ಹೆಗಲಿ‌ಗೇನ್ ಗೊತ್ತು ಬುಡು. ಸರಿಯಾಗಿ ಕಟ್ಟು."

ಭಾಗ್ಯಮ್ಮ ಬಂದದ್ದು ನೋಡಿ ಇಬ್ಬರೂ ಬಾಯಿ ಮುಚ್ಚಿ ದಾರಿ ಬಿಟ್ಟರು. ಜವರಯ್ಯ ಮುಂದೆ ಬಂದು, ಗಟ್ಟಿಯಾಗಿ, "ಬಾರವ್ವಾ, ನಿಮ್ಮಣ್ಣನ್ನ ನೋಡು ಬಾ" ಎಂದ. ಅವಳು ಕೊಡೆ ಮಡಿಸಿದಳು. ಶೆಡ್ಡಿಗೆ ಬಾಗಿಲಿರಲಿಲ್ಲ, ಟಾರ್ಪಾಲಿನ ಒಂದು ತುಂಡು ಇಳಿಬಿದ್ದಿತ್ತು. ಒಳಗೆ ಹೋಗಬೇಕೆಂದರೆ ಸೊಂಟ ಮುರಿದು ಬಗ್ಗಬೇಕು. ಇಷ್ಟು ವರ್ಷ ಹೊಲಕ್ಕೆ ಬುತ್ತಿ ತಂದವಳು ಒಮ್ಮೆಯೂ ಇಲ್ಲಿ ಬಗ್ಗಿರಲಿಲ್ಲ.

ಒಳಗೆ ಬಗ್ಗಿದವಳ ಕಾಲು ನೀರಿಗೆ ಬಿತ್ತು. ನೋಡಿದರೆ ನೆಲದ ನಡುವೆ ಉದ್ದಕ್ಕೂ ಒಂದು ಕಾಲುವೆ. ಹರಿತವಾದ ಅಂಚು, ಒಂದೇ ಅಗಲ, ಸರಿಯಾದ ಇಳಿಜಾರು. ಶುಂಠಿ ಕೊಳೆಯಬಾರದೆಂದು ಪಾತಿಗಳ ನಡುವೆ ತೆಗೆಯುವಂಥದೇ ಬಸಿಗಾಲುವೆ. ಮೇಲಿನಿಂದ ನುಗ್ಗಿದ ನೀರು ಮನೆಯ ನಡುವೆ ಹರಿದು ಆಚೆಗೆ ಹೋಗಲೆಂದು ಮಾದಯ್ಯ ಜ್ವರದಲ್ಲೇ ಗುದ್ದಲಿ ಹಿಡಿದು ತೆಗೆದಿದ್ದ. ಈ ಕಡೆ ಒಲೆ, ಆ ಕಡೆ ಕಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ ದೊಡ್ಡಮಾದಯ್ಯ. ಹಲಗೆ ಒಬ್ಬರಿಗೆ ಮಾತ್ರ ಸಾಕಾಗುವಷ್ಟಿತ್ತು. ಸಾಕಮ್ಮ ಒಲೆಯ ಪಕ್ಕ ಹಸಿ ಗೋಣಿಚೀಲದ ಮೇಲೆ ಕೂತಿದ್ದಳು.

ಭಾಗ್ಯಮ್ಮ ಕಾಲುವೆಯ ಎರಡು ಕಡೆ ಕಾಲಿಟ್ಟು ನಿಂತು ಪಂಚೆ ಬಿಡಿಸಿದಳು. ಎದೆಯವರೆಗೆ ಹೊದಿಸಿದಳು. ಅಣ್ಣಾ. ಎರಡೇ ಅಕ್ಷರ. ಹೇಳಿದರೆ ಮಗಳ ಶಾಸ್ತ್ರ ಉಳಿಯುತ್ತದೆ, ಗಂಡನ ಮಾನ ಉಳಿಯುತ್ತದೆ. ಅವಳು ಬಾಯಿ ತೆರೆದಳು. ಮುಚ್ಚಿದಳು. ಮತ್ತೆ ತೆರೆದಳು.

"ಬಾವಾ" ಎಂದಳು.

ಒಂದು ಸಲ ಬಂದ ಮೇಲೆ ಅದು ನಿಲ್ಲಲಿಲ್ಲ. "ಬಾವಾ, ಬಣ್ಣ ಒಣಗಿತ್ತು ಕಣ್ ಬಾವಾ. ಬಣ್ಣ ಒಣಗಿತ್ತು. ನಾನೇ ಸುಳ್ಳೇಳ್ದೆ ಕಣ್ ಬಾವಾ" ಎಂದು ಹಲಗೆಯ ಅಂಚು ಹಿಡಿದು ಕಾಲುವೆಯ ಕೆಸರಿನಲ್ಲೇ ಕುಸಿದು ಕೂತಳು. ಯಾವ ಬಣ್ಣ ಎಂದು ಹೊರಗಿದ್ದವರಿಗೆ ಅರ್ಥವಾಗಲಿಲ್ಲ. ಸಾಕಮ್ಮನಿಗೆ ಅರ್ಥವಾಯಿತು. ಅವಳು ಕೈ ಚಾಚಿ ಸಮಾಧಾನ ಮಾಡಲಿಲ್ಲ, ಬೈಯಲೂ ಇಲ್ಲ. ಒಲೆಯ ಕಡೆ ಮುಖ ತಿರುಗಿಸಿಕೊಂಡಳು.

ಹೊರಗೆ ಯಾರೋ, "ಬಾವ ಅಂದ್ಳಲ್ಲ?" ಎಂದರು. ಜವರಯ್ಯ ಸಣ್ಣಬೀರಯ್ಯನ ಮುಖ ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬಂತೆ ಬೀರಯ್ಯ ಶೆಡ್ಡಿನ ಕಡೆಯೇ ನೋಡುತ್ತ ನಿಂತಿದ್ದ. ಆಮೇಲೆ ಅಂಗಿ ಬಿಚ್ಚಿ ಹೆಗಲಿಗೆ ಟವಲು ಹಾಕಿಕೊಂಡ. ದಾಯಾದಿ ಮಾಡುವ ಹಾಗೆ.

"ನಡು ಸಾಲಲ್ಲೇ ತೋಡ್ರಪ್ಪಾ" ಎಂದು ಜವರಯ್ಯ ಗುಂಡಿ ತೋಡಲು ಹೊರಟವರಿಗೆ ಕೂಗಿ ಹೇಳಿದ.

ಮಣ್ಣು ಮಾಡುವಾಗ ಮೊದಲ ಮೂರು ಹಿಡಿ ಸಣ್ಣಬೀರಯ್ಯ ಹಾಕಿದ. ಪ್ರಮೀಳಾಳೂ ಹಾಕಿದಳು. ಅವಳನ್ನು ಬಾ ಎಂದು ಯಾರೂ ಕರೆದಿರಲಿಲ್ಲ, ಬೇಡ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

*

ಒಲೆ ಹಚ್ಚದ ಮನೆಗೆ ಸಂಜೆ ಬೇಗ ಬಂತು. ಸಣ್ಣಬೀರಯ್ಯ ಪಿರಿಯಾಪಟ್ಟಣಕ್ಕೆ ಫೋನ್ ಮಾಡಿ, ದೊಡ್ಡಪ್ಪನ ಮಗ ತೀರಿಕೊಂಡನೆಂದು ಹೇಳಿ ಇಟ್ಟ. "ಏನಂದ್ರು?" ಎಂದಳು ಭಾಗ್ಯಮ್ಮ. "ಮುಂದೆ ನೋಡಾಣ ಅಂದ್ರು" ಎಂದ. ಅಷ್ಟರಲ್ಲೇ ಎಲ್ಲ ಇತ್ತು. ಪ್ರಮೀಳಾ ಎದ್ದು ಒಳಗೆ ಹೋದಳು.

ಸಾಕಮ್ಮ ಅಂಗಳದಲ್ಲಿ ತುಳಸಿಕಟ್ಟೆಯ ಪಕ್ಕ ಕೂತಿದ್ದಳು. ಮೇಲೆ ಬಾ ಎಂದು ಭಾಗ್ಯಮ್ಮ ಎರಡು ಸಲ ಕರೆದಿದ್ದಳು. "ಇಲ್ಲೇ ಸರಿ ಕಣವ್ವ" ಎಂದಿದ್ದಳು. ಮೂರನೆಯ ಸಲ ಕರೆಯುವ ಧೈರ್ಯ ಭಾಗ್ಯಮ್ಮನಿಗೆ ಬರಲಿಲ್ಲ.

ಆಗ ಒಂದು ಸ್ಕೂಟರು ಅಂಗಳದಲ್ಲಿ ನಿಂತಿತು. ರೇನ್‌ಕೋಟಿನ ಟೋಪಿ ತೆಗೆದವಳು ಇನ್‌ಸ್ಪೆಕ್ಟರ್ ಮಾನಸ. ಬಾಡಿಗೆ ಕೈತಪ್ಪಿ, ಆಟೋವನ್ನು ಹೇಗೋ ಕೆಸರಿನಿಂದ ಎತ್ತಿಕೊಂಡು ಹೋದ ಡ್ರೈವರು ಕೋಟೆ ಪೇಟೆಯ ಟೀ ಅಂಗಡಿಯಲ್ಲಿ ಊರಿನ ಕತೆಯನ್ನೆಲ್ಲ ಹರಡಿದ್ದ. ಆ ಅಂಗಡಿಯ ಟೀ ಅವಳ ಆಫೀಸಿಗೂ ಹೋಗುತ್ತದೆ.

"ಇಲ್ಲಿ ಶುಂಠಿ ಕೆಲಸದವರೊಬ್ಬರು ತೀರಿಹೋದರಂತೆ" ಎಂದಳು. "ಕೆಲಸದವರಾದರೆ ಕಾಯ್ದೆ ಪ್ರಕಾರ ಹೆಂಡತಿಗೆ ಪರಿಹಾರ ಬರುತ್ತೆ. ಮನೆ ಕೊಡದೆ ಇಟ್ಟುಕೊಂಡಿದ್ದರೆ ಅದರ ವಿಚಾರಣೆನೂ ಆಗಬೇಕು."

ಅಂಗಳದಲ್ಲಿ ಕೂತಿದ್ದ ಸಾಕಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

"ಕೆಲ್ಸದೋರಲ್ಲ ತಾಯೀ" ಎಂದಳು. "ಇವ್ರ ದೊಡ್ಡಪ್ಪನ ಮಗ. ಇವ್ರೇ ಮಣ್ ಹಾಕವ್ರೆ. ಸೂತಕ ಹಿಡ್ದವ್ರೆ, ಒಲೆ ಹಚ್ಚಿಲ್ಲ ನೋಡಿ."

ಮಾನಸ ಅವಳನ್ನೇ ನೋಡಿದಳು. ಆಮೇಲೆ ಜಗುಲಿಯ ಮೇಲಿದ್ದ ಭಾಗ್ಯಮ್ಮನ ಕಡೆ ತಿರುಗಿದಳು. "ಹೌದೇನಮ್ಮಾ?"

ಸಾಕಮ್ಮ ಸುಳ್ಳು ಹೇಳಿದಳೋ, ನಂಬಿ ಹೇಳಿದಳೋ ಭಾಗ್ಯಮ್ಮನಿಗೆ ತಿಳಿಯಲಿಲ್ಲ. ಗಂಡನ ಸಾವಿಗೆ ಬರುವ ಪರಿಹಾರವನ್ನೆಲ್ಲ ಸಾಕಮ್ಮ ಒಂದು ಹಿಡಿ ಮಣ್ಣಿಗೆ ಸಮ ಮಾಡಿಬಿಟ್ಟಿದ್ದಳು. ಇನ್ನು ಭಾಗ್ಯಮ್ಮ ಸುಮ್ಮನಿದ್ದರೆ ಸಾಕು. ಕೇಸಿಲ್ಲ, ವಿಚಾರಣೆಯಿಲ್ಲ, ಊರಿಗೂ ತೊಂದರೆಯಿಲ್ಲ. ಬೆಳಿಗ್ಗೆ ಅಷ್ಟು ಜನದ ಮುಂದೆ ಕುಸಿದು ಅತ್ತಾಗಲೂ ಅವಳಿಗೆ ಹೀಗೆ ನೆಲಕ್ಕಿಳಿದುಹೋಗಬೇಕು ಅನ್ನಿಸಿರಲಿಲ್ಲ.

"ಹೌದು. ನಮ್ ಬಾವನೇ" ಎಂದಳು. ಸಣ್ಣಬೀರಯ್ಯ ಉಸಿರು ಬಿಟ್ಟ. ಅವಳು ಜಗುಲಿಯಿಂದ ಇಳಿದಳು. "ನಮ್ ಹೊಲ್ದಲ್ಲಿ ನಾಕ್ ವರ್ಷ ಕೂಲಿ ಮಾಡುದ್ರು. ನಾವ್ ಬಾವನ್ನ ಎಂಗ್ ಮಡಗಿದ್ದೋ ನೋಡುವ್ರಂತೆ ಬನ್ನಿ ಮೇಡಂ."

"ಭಾಗ್ಯಾ, ಮಳೆ ಬತ್ತಾ ಅದೆ" ಎಂದ ಸಣ್ಣಬೀರಯ್ಯ. ಅವಳು ಕೊಡೆ ತೆಗೆದುಕೊಳ್ಳಲಿಲ್ಲ. ಬದುವಿನ ಮೇಲೆ ಮುಂದೆ ಮುಂದೆ ನಡೆದಳು. ಹಿಂದೆ ಮಾನಸ, ಅವಳ ಹಿಂದೆ ಸಾಕಮ್ಮ.

ಶೆಡ್ಡಿನ ಮುಂದೆ ಭಾಗ್ಯಮ್ಮ ಇಳಿಬಿದ್ದ ಟಾರ್ಪಾಲನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದಳು. ಮಾನಸ ಬಗ್ಗಿ ಒಳಗೆ ಹೋದಳು. ಅವಳ ಬೂಟು ನೀರಿಗೆ ಬಿದ್ದ ಸದ್ದು ಕೇಳಿಸಿತು. ಆಮೇಲೆ ಒಳಗಿನಿಂದ, "ಮನೆ ನಡುವೆ ಈ ಕಾಲುವೆ ಯಾರು ತೆಗೆದದ್ದಮ್ಮಾ?" ಎಂದಳು.

ಟಾರ್ಪಾಲಿನ ಮಡಿಕೆಗಳಲ್ಲಿ ನಿಂತಿದ್ದ ನೀರು ಭಾಗ್ಯಮ್ಮನ ಮುಂಗೈ ಮೇಲಿಂದ ಇಳಿದು, ಕುಪ್ಪಸದ ತೋಳಿನೊಳಗೆ ಹೊಕ್ಕು, ಪಕ್ಕೆಯಲ್ಲಿ ಹರಿಯತೊಡಗಿತು. ಸಾಕಮ್ಮ ಹತ್ತಿರ ಬಂದು ಇನ್ನೊಂದು ತುದಿಗೆ ಕೈ ಹಾಕಲು ಹೋದಳು. ಭಾಗ್ಯಮ್ಮ ಬೇಡವೆಂದು ತಲೆಯಾಡಿಸಿ, ಟಾರ್ಪಾಲನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿದಳು.